ಕೈಗೆ ಮುಟ್ಟಿದ ಕಾಗದ

ಗೃಹಸ್ಥನ ಮನೆಯ ಬಾಗಿಲಿಗೆ ಬರುವ ಕಾಗದಗಳು ಹಲವು ಬಗೆಯವು. ಲಗ್ನಪತ್ರಿಕೆ ಬರುತ್ತದೆ, ಬಂಧುವಿಯೋಗದ ವಾರ್ತೆ ಬರುತ್ತದೆ, ಕಂದಾಯದ ಚೀಟಿಯೂ ಬರುತ್ತದೆ. ಇವುಗಳಲ್ಲಿ ಕೆಲವು ಸಂತೋಷವನ್ನೂ ಕೆಲವು ದುಃಖವನ್ನೂ ತರುವುವಾದರೂ, ತಂದವನ ಮುಖವನ್ನು ಕಂಡ ಮಾತ್ರಕ್ಕೆ ಮನೆಮಂದಿಯ ಎದೆ ಜಲ್ಲೆನ್ನುವಂತೆ ಮಾಡತಕ್ಕ ಕಾಗದ ಒಂದೇ ಒಂದು. ಅದು ನ್ಯಾಯಾಲಯದ ಸಮನ್ಸು. ನನ್ನ ಅರವತ್ತು ವರ್ಷಗಳ ಬಾಳಿನಲ್ಲಿ ಈ ಕಾಗದದ ಸಹವಾಸ ಎರಡು ಸಲ ಒದಗಿತು. ಮೊದಲನೆಯ ಸಲ, ಬಾರದೆಯೇ ಬಂದಿತೆನ್ನಿಸಿಕೊಂಡ ಒಂದು ಸಮನ್ಸಿನಿಂದ ನಮ್ಮ ತಂದೆಯವರು ಇದ್ದೊಂದು ತೋಟವನ್ನು ಕಳೆದುಕೊಳ್ಳುವುದರಲ್ಲಿದ್ದರು. ಎರಡನೆಯ ಸಲ, ಅಂತಹ ಕಾಗದವೊಂದನ್ನು ಇನ್ನೊಬ್ಬರಿಗೆ ಮುಟ್ಟಿಸುವ ದೂತನ ಪದವಿ ನನಗೇ ಬಂದಿತು. ಈ ಎರಡರ ನಡುವೆ ಐವತ್ತು ವರ್ಷಗಳೂ ಏಳು ಸಮುದ್ರಗಳೂ ಇದ್ದುವು. ಆದರೂ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದು ನನ್ನಿಂದಾಗದು.

೧೯೭೪ನೆಯ ಇಸವಿ, ನನಗಾಗ ಒಂಬತ್ತು ವರ್ಷ. ಹಾಸನ ಜಿಲ್ಲೆಯ ಒಂದು ಸಣ್ಣ ಗ್ರಾಮದಲ್ಲಿ ನಮ್ಮ ಮನೆ. ತಂದೆಯವರಿಗೆ ಪೌರೋಹಿತ್ಯ, ಜೊತೆಗೆ ಒಂದು ಎಕರೆ ತೆಂಗಿನ ತೋಟ. ಅಕ್ಕನ ಮದುವೆಗೆಂದು ತಾಲ್ಲೂಕು ಊರಿನ ಸಾಹುಕಾರರೊಬ್ಬರಿಗೆ ಪ್ರೋನೋಟು ಬರೆದುಕೊಟ್ಟು ಎಂಟುನೂರು ರೂಪಾಯಿ ಸಾಲ ತಂದಿದ್ದರು. ಅದರಲ್ಲಿ ಮುನ್ನೂರನ್ನು ಎರಡು ಕಂತಿನಲ್ಲಿ ತೀರಿಸಿ, ರಸೀತಿಯ ಚೀಟಿಗಳನ್ನು ಪಂಚಾಂಗದ ಹಾಳೆಗಳ ನಡುವೆ ಇಟ್ಟಿದ್ದರು. ಹೀಗಿರಲು ಒಂದು ದಿನ ಬೆಳಿಗ್ಗೆ ತೋಟದ ಕಡೆಯಿಂದ ತಮಟೆಯ ಸದ್ದು ಕೇಳಿಸಿತು. ಊರಿನಲ್ಲಿ ಯಾವುದೋ ದೇವರ ಉತ್ಸವವಿರಬೇಕೆಂದು ನಾನು ಸಂಭ್ರಮದಿಂದ ಓಡಿದೆನು. ಹೋಗಿ ನೋಡಿದರೆ, ಕೋರ್ಟಿನವರು ಬಂದು ನಮ್ಮ ತೋಟವನ್ನೇ ಜಪ್ತಿ ಮಾಡಿ, ಊರಿಗೆಲ್ಲ ತಿಳಿಯಲೆಂದು ತಮಟೆ ಹೊಡೆಯಿಸುತ್ತಿದ್ದರು!

ತಂದೆಯವರು ಸ್ನಾನದ ಒದ್ದೆ ಪಂಚೆಯಲ್ಲಿಯೇ ಬಂದು, "ಇದೇನು ಸ್ವಾಮಿ?" ಎಂದು ಕೇಳಿದರು. "ಡಿಕ್ರಿಯಾಗಿ ನಾಲ್ಕು ತಿಂಗಳಾಯಿತಲ್ಲ, ತಮಗೆ ಗೊತ್ತಿಲ್ಲವೆ?" ಎಂದು ಉತ್ತರ ಬಂದಿತು. ಅವರಿಗೆ ಗೊತ್ತಿರಲಿಲ್ಲ. ವ್ಯಾಜ್ಯವೊಂದು ಹೂಡಲ್ಪಟ್ಟಿದೆ ಎಂಬುದೇ ಅವರಿಗೆ ತಿಳಿಯದು.

ವಕೀಲರು ಕಡತವನ್ನು ತೆಗೆಯಿಸಿ ನೋಡಿದಾಗ, ಸಮನ್ಸಿನ ಹಿಂದೆ ಅಮೀನನ ಷರಾ ಇದ್ದಿತು. ಪ್ರತಿವಾದಿಯು ಖುದ್ದು ಮನೆಯಲ್ಲಿದ್ದು ಸಮನ್ಸನ್ನು ತೆಗೆದುಕೊಳ್ಳಲು ನಿರಾಕರಿಸಿದನೆಂದೂ, ಆ ಕಾರಣ ಒಂದು ನಕಲನ್ನು ಮುಂಬಾಗಿಲಿನ ಕದಕ್ಕೆ ಅಂಟಿಸಿ ಬಂದುದಾಗಿಯೂ ಅದರಲ್ಲಿ ಬರೆದಿದ್ದಿತು. ವಕೀಲರು ತಾರೀಖನ್ನು ಓದಿ ಹೇಳಿದೊಡನೆ, ಆ ದುಃಖದಲ್ಲಿಯೂ ತಂದೆಯವರಿಗೆ ನಗು ಬಂದಿತಂತೆ. ಏಕೆಂದರೆ ಆ ತಿಂಗಳು ನಮ್ಮ ಮನೆಗೆ ಮುಂಬಾಗಿಲಿನ ಕದವೇ ಇರಲಿಲ್ಲ! ಗೆದ್ದಲು ಹಿಡಿದ ಹಳೆಯ ಕದವನ್ನು ಆಚಾರಿಯು ಬಿಚ್ಚಿಕೊಂಡು ಹೋಗಿ, ಹೊಸದನ್ನು ತರಲು ಮೂರು ವಾರ ಮಾಡಿದ್ದನು. ಅಷ್ಟು ದಿವಸವೂ ನಾವು ಬಿದಿರಿನ ತಟ್ಟಿಯನ್ನು ಅಡ್ಡವಿಟ್ಟುಕೊಂಡು ಮಲಗುತ್ತಿದ್ದೆವು. ಅಮೀನನು ನಮ್ಮ ಗ್ರಾಮದ ಕಡೆಗೆ ಬಂದೇ ಇರಲಿಲ್ಲ. ಊರಿನಲ್ಲಿಯೇ ಕುಳಿತು, ಕಾಣದ ಕದಕ್ಕೆ ಕಾಗದವನ್ನು ಅಂಟಿಸಿದ್ದನು.

ಇಂತಹ ಅನ್ಯಾಯಕ್ಕೆ ಕಾನೂನಿನಲ್ಲಿ ಪರಿಹಾರವುಂಟು. ಸಮನ್ಸು ಸರಿಯಾಗಿ ಜಾರಿಯಾಗದೆ ಏಕಪಕ್ಷೀಯವಾದ ಡಿಕ್ರಿಯಾಗಿದ್ದರೆ, ವಿಷಯ ತಿಳಿದ ಮೂವತ್ತು ದಿನಗಳೊಳಗಾಗಿ ಅರ್ಜಿ ಕೊಟ್ಟು ಅದನ್ನು ರದ್ದು ಮಾಡಿಸಬಹುದು. ತಂದೆಯವರು ಹಾಗೆಯೇ ಮಾಡಿದರು. ಆಚಾರಿಯು ನ್ಯಾಯಾಧೀಶರ ಮುಂದೆ ಕೈಮುಗಿದು ನಿಂತು, "ಆ ಕದ ಆವೊತ್ತು ನನ್ನ ಕೊಟ್ಟಿಗೆಯಲ್ಲಿತ್ತು ಬುದ್ಧಿ" ಎಂದು ಸಾಕ್ಷ್ಯ ನುಡಿದನು. ಡಿಕ್ರಿ ರದ್ದಾಗಿ ವ್ಯಾಜ್ಯ ಮತ್ತೆ ನಡೆಯಿತು. ರಸೀತಿಗಳನ್ನು ನೋಡಿ, ಉಳಿದ ಐನೂರು ರೂಪಾಯಿಗೂ ಬಡ್ಡಿಗೂ ಕಂತಿನಲ್ಲಿ ಕೊಡತಕ್ಕದ್ದೆಂದು ತೀರ್ಪಾಯಿತು. ತೋಟ ಉಳಿಯಿತು, ಆದರೆ ವಕೀಲರ ಫೀಜಿಗೆಂದು ಗಿರವಿ ಇಟ್ಟ ತಾಯಿಯವರ ಓಲೆ ಮತ್ತೆ ಮನೆಗೆ ಬರಲಿಲ್ಲ. ತಂದೆಯವರು ಬದುಕಿರುವವರೆಗೂ ಈ ಪ್ರಸಂಗ ಬಂದಾಗಲೆಲ್ಲ ಹೇಳುತ್ತಿದ್ದ ಮಾತು ಒಂದೇ: "ಸಾಲ ನನ್ನದೇ. ಕೊಡುವುದಿಲ್ಲವೆಂದು ನಾನು ಹೇಳಲಿಲ್ಲ. ಕೊಟ್ಟದ್ದನ್ನು ಕೊಟ್ಟಿದ್ದೇನೆಂದು ಹೇಳುವುದಕ್ಕೆ ನನ್ನನ್ನು ಕರೆಯಬೇಕಾಗಿದ್ದಿತು, ಅಷ್ಟೆ."

ಮುಂದೆ ಸಂಸ್ಕೃತವನ್ನು ಕಲಿತು, ಪಾಠಶಾಲೆಯಲ್ಲಿ ಕಲಿಸುವ ಭಾಗ್ಯವೂ ಬಂದ ಮೇಲೆ, ನಮ್ಮ ಧರ್ಮಶಾಸ್ತ್ರಕಾರರು ಈ 'ಕರೆಯುವಿಕೆ'ಯ ವಿಷಯದಲ್ಲಿ ಏನು ಹೇಳಿರುವರೆಂಬುದನ್ನು ಕುತೂಹಲದಿಂದ ನೋಡಿದೆನು. ಅವರು ವ್ಯವಹಾರವೆಂಬ ನ್ಯಾಯವಿಚಾರಣೆಗೆ ನಾಲ್ಕು ಪಾದಗಳನ್ನು ಹೇಳುತ್ತಾರೆ: ವಾದಿಯ ಮಾತು, ಪ್ರತಿವಾದಿಯ ಉತ್ತರ, ಪ್ರಮಾಣಗಳ ಪರೀಕ್ಷೆ, ನಿರ್ಣಯ. ಎರಡನೆಯ ಪಾದವಿಲ್ಲದೆ ನಿರ್ಣಯಕ್ಕೆ ಹಾರಿದರೆ ನ್ಯಾಯ ಕುಂಟುತ್ತದೆ. ಆದುದರಿಂದ ಪ್ರತಿವಾದಿಗೆ ಆಹ್ವಾನ ಹೋಗಲೇಬೇಕು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ, ಈ ಆಹ್ವಾನ ರಾಜಮುದ್ರೆಯಿಂದಾಗಲಿ ರಾಜಪುರುಷನಿಂದಾಗಲಿ ಆಗತಕ್ಕದ್ದೆಂಬ ವಚನವನ್ನು ಎತ್ತಿಕೊಂಡಿದ್ದಾನೆ. ರೋಗಿ, ಬಾಲಕ, ವೃದ್ಧ, ಕಷ್ಟದಲ್ಲಿ ಸಿಕ್ಕಿಬಿದ್ದವನು, ಉತ್ಸವದಲ್ಲಿ ತೊಡಗಿದವನು ಇಂತಹವರನ್ನು ಹಾಗೆ ಕರೆಯಿಸಬಾರದೆಂಬ ದಯೆಯೂ ಅಲ್ಲಿಯೇ ಇದೆ. ನಾರದಸ್ಮೃತಿಯಲ್ಲಿ ಇನ್ನೊಂದು ವಿಚಿತ್ರವಾದ ಪದ್ಧತಿಯುಂಟು. ಅದಕ್ಕೆ 'ಆಸೇಧ'ವೆಂದು ಹೆಸರು. ರಾಜನ ಕರೆ ಬರುವವರೆಗೆ ವಾದಿಯೇ ಪ್ರತಿವಾದಿಯನ್ನು ತಡೆದು ನಿಲ್ಲಿಸಬಹುದು. ಈ ಸ್ಥಳವನ್ನು ಬಿಡಕೂಡದು, ಇಂತಹ ಕಾಲವನ್ನು ಮೀರಕೂಡದು, ಪ್ರಯಾಣ ಹೊರಡಕೂಡದು, ಈ ಕೆಲಸವನ್ನು ಮಾಡಕೂಡದು ಎಂದು ನಾಲ್ಕು ವಿಧ. ಆದರೆ ಬಿತ್ತನೆಯಲ್ಲಿರುವ ಒಕ್ಕಲಿಗನನ್ನೂ, ದನ ಮೇಯಿಸುತ್ತಿರುವ ಗೋವಳನನ್ನೂ, ಯುದ್ಧದಲ್ಲಿರುವ ಯೋಧನನ್ನೂ ತಡೆಯಲಾಗದು. ಇದನ್ನು ಓದಿದಾಗಲೆಲ್ಲ ನನಗೆ, ವಾದಿಯ ಕೈಗೇ ಇಷ್ಟು ಅಧಿಕಾರವನ್ನು ಕೊಡುವುದು ಸರಿಯೆ ಎಂಬ ಸಂಶಯ ಬರುತ್ತಿದ್ದಿತು. ಆ ಸಂಶಯಕ್ಕೆ ಉತ್ತರ ನನಗೆ ದೊರೆತುದು ಗ್ರಂಥದಲ್ಲಿ ಅಲ್ಲ. ಅಮೆರಿಕದ ಒಂದು ಬೀದಿಯಲ್ಲಿ.

೨೦೨೪ರ ಮೇ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋದೆವು. ಮಗಳೂ ಅಳಿಯಂದಿರೂ ಸಾಂತಾ ಕ್ಲಾರಾ ಜಿಲ್ಲೆಯಲ್ಲಿ ಮೂರು ವರ್ಷ ಇದ್ದ ಬಾಡಿಗೆಯ ಮನೆಯನ್ನು ಮಾರ್ಚಿಯಲ್ಲಿ ಬಿಟ್ಟು ಬೇರೆಯ ಮನೆಗೆ ಬಂದಿದ್ದರು. ಹಳೆಯ ಮನೆಯ ಯಜಮಾನನು ಮುಂಗಡವಾಗಿ ಹಿಡಿದಿದ್ದ ೪,೨೦೦ ಡಾಲರುಗಳನ್ನು ಹಿಂದಕ್ಕೆ ಕೊಡಲಿಲ್ಲ. ಆ ಸಂಸ್ಥಾನದ ಕಾನೂನಿನಂತೆ ಮನೆ ಬಿಟ್ಟ ೨೧ ದಿನಗಳೊಳಗೆ ಹಣವನ್ನಾಗಲಿ, ಯಾವ ಯಾವ ದುರಸ್ತಿಗೆ ಎಷ್ಟು ಹಿಡಿದುಕೊಂಡೆನೆಂಬ ಪಟ್ಟಿಯನ್ನಾಗಲಿ ಕಳುಹಿಸಬೇಕು. ಅವನು ಎರಡನ್ನೂ ಕಳುಹಿಸಲಿಲ್ಲ, ಟೆಲಿಫೋನಿಗೂ ಸಿಕ್ಕಲಿಲ್ಲ. ಮಗಳು ಐವತ್ತು ಡಾಲರು ಶುಲ್ಕ ಕಟ್ಟಿ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ದಾವೆ ಹೂಡಿದಳು. ಅಲ್ಲಿ ವಕೀಲರು ನಿಂತು ವಾದಿಸುವಂತಿಲ್ಲ. ವಾದಿ ಪ್ರತಿವಾದಿಗಳೇ ತಮ್ಮ ಮಾತನ್ನು ಹೇಳಿಕೊಳ್ಳಬೇಕು. ವಿಚಾರಣೆ ಜುಲೈ ೨೨ಕ್ಕೆ ಗೊತ್ತಾಯಿತು.

ಇಷ್ಟಾದ ಮೇಲೆ ನನಗೊಂದು ಆಶ್ಚರ್ಯ ಕಾದಿದ್ದಿತು. ದಾವೆಯ ಕಾಗದವನ್ನು ಪ್ರತಿವಾದಿಗೆ ಮುಟ್ಟಿಸುವ ಹೊಣೆ ಆ ದೇಶದಲ್ಲಿ ವಾದಿಯದೇ! ನಮ್ಮಲ್ಲಿಯಂತೆ ಅದು ನ್ಯಾಯಾಲಯದ ಅಮೀನನ ಪಾಲಿಗೆ ತಾನಾಗಿ ಹೋಗುವುದಿಲ್ಲ. ಆದರೆ ವಾದಿಯು ತಾನೇ ಕೈಯಾರೆ ಕೊಡಕೂಡದು. ಹದಿನೆಂಟು ವರ್ಷ ತುಂಬಿದ, ಆ ವ್ಯಾಜ್ಯದಲ್ಲಿ ಪಕ್ಷಗಾರನಲ್ಲದ ಬೇರೆ ಯಾರಾದರೂ ಕೊಡಬಹುದು. ಹಣ ತೆಗೆದುಕೊಂಡು ಇದನ್ನೇ ವೃತ್ತಿಯಾಗಿ ಮಾಡುವವರೂ ಇದ್ದಾರೆ. ಪ್ರತಿವಾದಿಯು ಅದೇ ಜಿಲ್ಲೆಯವನಾದರೆ, ವಿಚಾರಣೆಗೆ ಕಡೆಯ ಪಕ್ಷ ಹದಿನೈದು ದಿನ ಮುಂಚಿತವಾಗಿ ಕಾಗದವು ಅವನ ಕೈಸೇರಬೇಕು.

"ಅಪ್ಪ, ನಿಮಗೆ ಹದಿನೆಂಟು ತುಂಬಿದೆಯಲ್ಲ?" ಎಂದು ಮಗಳು ನಕ್ಕಳು. "ದುಡ್ಡು ಕೊಟ್ಟು ಯಾರನ್ನೋ ಕರೆಯುವ ಬದಲು ನೀವೇ ಏಕೆ ಕೊಟ್ಟುಬರಬಾರದು?"

ಹನುಮಂತನೂ ಶ್ರೀಕೃಷ್ಣನೂ ಕೈಕೊಂಡ ದೌತ್ಯವು ನನ್ನಂತಹವನಿಗೆ ಲಭಿಸಿತೆಂದು ಹೆಮ್ಮೆಯಿಂದಲೇ ಒಪ್ಪಿಕೊಂಡೆನು.

ಆ ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಮನೆಯ ಯಜಮಾನನಿದ್ದುದು ಸ್ಯಾನ್ ಹೋಸೆ ನಗರದ ಅಂಚಿನಲ್ಲಿ, ಸುತ್ತಲೂ ಆವರಣವುಳ್ಳ ಒಂದು ಬಡಾವಣೆಯಲ್ಲಿ. ಹೆಬ್ಬಾಗಿಲಿನ ಕಾವಲುಗಾರನು ಬಹಳ ಮರ್ಯಾದೆಯಿಂದ ಮಾತನಾಡಿ, ಅಷ್ಟೇ ಮರ್ಯಾದೆಯಿಂದ ನನ್ನನ್ನು ಹಿಂದಕ್ಕೆ ಕಳುಹಿಸಿದನು. ಎರಡು ಸಲ ಹೀಗಾಯಿತು. ಆ ಮೇಲೆ ಅಳಿಯಂದಿರು ಅವನ ಅಂಗಡಿಯ ವಿಳಾಸವನ್ನು ಕಂಡುಹಿಡಿದರು. ನಾನು ಅಂಗಡಿಯ ಎದುರಿನ ಕಲ್ಲುಬೆಂಚಿನ ಮೇಲೆ, ಒಳಗೆ ಹೋಗುವುದೋ ಬಿಡುವುದೋ ಎಂದು ಸಂಕೋಚಪಡುತ್ತ ಒಂದು ಮಧ್ಯಾಹ್ನವೆಲ್ಲ ಕುಳಿತೆನು. ಸಂಜೆ ಐದೂವರೆಗೆ ಒಬ್ಬ ಮನುಷ್ಯನು ಹೊರಗೆ ಬಂದು ಕಾರಿನ ಕಡೆಗೆ ನಡೆದನು. ನಾನು ಓಡಿಹೋಗಿ, ನನ್ನ ಮೇಷ್ಟರ ಇಂಗ್ಲಿಷಿನಲ್ಲಿ, "ತಾವು ಇಂತಹವರಲ್ಲವೆ?" ಎಂದು ಕೇಳಿದೆನು. ಅವನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಲಕೋಟೆಯನ್ನು ತೆಗೆದುಕೊಂಡು ಕಾರಿನೊಳಗೆ ಎಸೆದು ಹೊರಟುಹೋದನು.

ಆ ರಾತ್ರಿ ಮನೆಯಲ್ಲಿ ಪಾಯಸವಾಯಿತು. ಊಟವಾದ ಮೇಲೆ ಅಳಿಯಂದಿರು ನ್ಯಾಯಾಲಯದ ನಮೂನೆಯೊಂದನ್ನು ತಂದು ಮುಂದಿಟ್ಟರು. ಇಂತಹ ದಿನ, ಇಂತಹ ಸ್ಥಳದಲ್ಲಿ, ಈ ಹೆಸರಿನವರ ಕೈಗೆ ಕಾಗದವನ್ನು ನಾನೇ ಕೊಟ್ಟಿದ್ದೇನೆಂದು ಅದರಲ್ಲಿ ತುಂಬಿ ರುಜು ಹಾಕಬೇಕು. ಬರೆದುದು ಸುಳ್ಳಾದರೆ ಸುಳ್ಳುಸಾಕ್ಷ್ಯದ ಅಪರಾಧ. ನಾನು ಲೇಖನಿಯನ್ನು ಕೈಗೆ ತೆಗೆದುಕೊಂಡೆನು. ಆಗ ಮಗಳು ಸುಮ್ಮನೆ, "ಅವರ ಕೂದಲು ಈಗ ಪೂರ್ತಿ ಬೆಳ್ಳಗಾಗಿರಬೇಕು, ಅಲ್ಲವೆ ಅಪ್ಪ?" ಎಂದಳು.

"ಇಲ್ಲವಲ್ಲಮ್ಮ, ಕಪ್ಪಾಗಿಯೇ ಇದ್ದಿತು."

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಮಗಳೂ ಅಳಿಯಂದಿರೂ ಅವನನ್ನು ಕಣ್ಣಾರೆ ಕಂಡಿದ್ದುದು ಮೂರು ವರ್ಷಗಳ ಹಿಂದೆ ಒಂದೇ ಸಲ. ಮಿಕ್ಕ ವ್ಯವಹಾರವೆಲ್ಲ ಪತ್ರದಲ್ಲಿ, ಫೋನಿನಲ್ಲಿ. "ಬಣ್ಣ ಹಚ್ಚಿಕೊಂಡಿರಬಹುದು, ಮಾವ," ಎಂದರು ಅಳಿಯಂದಿರು. "ಅವರಲ್ಲದಿದ್ದರೆ ಕಾಗದವನ್ನು ಏಕೆ ತೆಗೆದುಕೊಳ್ಳುತ್ತಿದ್ದರು? ಅವರದೇ ಅಂಗಡಿ, ಅವರು ಬರುವ ಹೊತ್ತು. ಅವರಲ್ಲದಿದ್ದರೂ, ಹೇಗಿದ್ದರೂ ಅವರಿಗೆ ತಲುಪಿಯೇ ತಲುಪುತ್ತದೆ. ನೀವು ರುಜು ಹಾಕಿಬಿಡಿ."

ವಾಚಕರಲ್ಲಿ ನಾನು ಮುಚ್ಚುಮರೆ ಮಾಡುವುದಿಲ್ಲ. ನನಗೂ ರುಜು ಹಾಕಿಬಿಡೋಣವೆನ್ನಿಸಿತು. ಹೊಗೆಯನ್ನು ಕಂಡು ಪರ್ವತದಲ್ಲಿ ಬೆಂಕಿಯಿದೆಯೆಂದು ಊಹಿಸುವುದನ್ನು ನಾನೇ ಮೂವತ್ತು ವರ್ಷ ಹುಡುಗರಿಗೆ ಅನುಮಾನಪ್ರಮಾಣವೆಂದು ಕಲಿಸಿದವನು. ಅಂಗಡಿಯಿದೆ, ಹೊತ್ತು ಸರಿಯಾಗಿದೆ, ಕಾಗದವನ್ನು ಕೈಚಾಚಿ ತೆಗೆದುಕೊಂಡಿದ್ದಾನೆ; ಇನ್ನೇನು ಬೇಕು? ಮೇಲಾಗಿ ಅವನು ಮಾಡಿದುದು ಅನ್ಯಾಯ; ಮಗಳ ಹಣ ಮಗಳಿಗೆ ಬರಬೇಕು; ದಿನಗಳು ಓಡುತ್ತಿವೆ. ಹೀಗೆ ಯೋಚಿಸುತ್ತ ನಮೂನೆಯ ಕಡೆಗೆ ಬಗ್ಗಿದಾಗ, ಅದೇತಕ್ಕೋ ನನ್ನ ಕಣ್ಣಿಗೆ ಬಿದಿರಿನ ತಟ್ಟಿಯೊಂದು ಕಾಣಿಸಿತು. ಐವತ್ತು ವರ್ಷಗಳ ಹಿಂದೆ ಆ ಅಮೀನನೂ ಹೀಗೆಯೇ ಯೋಚಿಸಿರಲಾರನೆ? 'ಸಾಲಗಾರ ತಾನೆ, ಹೋದರೂ ನಿರಾಕರಿಸುತ್ತಾನೆ, ಹೇಗಿದ್ದರೂ ವಿಷಯ ಕಿವಿಗೆ ಬಿದ್ದೇ ಬೀಳುತ್ತದೆ, ಬಿಸಿಲಿನಲ್ಲಿ ಎಂಟು ಮೈಲಿ ಏಕೆ ನಡೆಯಬೇಕು?' ಅಲ್ಲಿಯವರೆಗೆ ನಾನು ಅವನನ್ನು ದುಷ್ಟನೆಂದೇ ಎಣಿಸಿಕೊಂಡಿದ್ದೆನು. ಅಂದು ಮೊದಲನೆಯ ಸಲ, ಅವನು ದುಷ್ಟನಾಗಿರಬೇಕಾದ ಆವಶ್ಯಕತೆಯೇ ಇರಲಿಲ್ಲವೆಂದು ತೋರಿತು, ನನ್ನಂತಹವನಾಗಿದ್ದರೆ ಸಾಕಾಗಿದ್ದಿತು.

ಲೇಖನಿಯನ್ನು ಕೆಳಗಿಟ್ಟು, "ಅವರೇ ಎಂದು ನಾನು ಬಲ್ಲೆನೆನ್ನಲಾರೆ, ರುಜು ಹಾಕಲಾರೆ" ಎಂದೆನು. ಮಗಳಿಗೆ ಕೋಪ ಬಂದಿತು. "ನಿಮ್ಮ ಸತ್ಯಹರಿಶ್ಚಂದ್ರತನಕ್ಕೆ ನಾಲ್ಕು ಸಾವಿರದ ಇನ್ನೂರು ಡಾಲರು, ಅಪ್ಪ" ಎಂದು ಎದ್ದುಹೋದಳು. ನನ್ನ ಪತ್ನಿ ಮಾತ್ರ ಪಾತ್ರೆಗಳನ್ನು ಎತ್ತಿಡುತ್ತ, "ನಿಮ್ಮ ಅಮ್ಮನವರ ಓಲೆ ಜ್ಞಾಪಕಕ್ಕೆ ಬಂತೇನೋ" ಎಂದರು. ಮದುವೆಯಾಗಿ ಮೂವತ್ತೈದು ವರ್ಷಗಳಾದ ಮೇಲೆ ಕೆಲವು ವಿಷಯಗಳನ್ನು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಮಾರನೆಯ ದಿನ ಅಳಿಯಂದಿರು, ಕಾಗದ ಮುಟ್ಟಿಸುವ ವೃತ್ತಿಯವರನ್ನು ಗೊತ್ತು ಮಾಡಿದರು. ೯೫ ಡಾಲರು ಕೂಲಿ. ನಾನು ದಾಂಡಿಗನಾದ ಗಂಡಸೊಬ್ಬನು ಬರುವನೆಂದುಕೊಂಡಿದ್ದೆನು. ಬಂದವರು ಐವತ್ತೈದು ವಯಸ್ಸಿನ ಒಬ್ಬ ಹೆಂಗಸು. ಹಳೆಯ ಕಾರು, ಸಾಧಾರಣವಾದ ಉಡುಪು, ಕೊರಳಲ್ಲಿ ಗುರುತಿನ ಚೀಟಿ. ಮಗಳು ಕೊಟ್ಟ ಕಾಫಿಯನ್ನು ಕುಡಿಯುತ್ತ ಅವರು ತಮ್ಮ ವೃತ್ತಿಯ ವಿಷಯವನ್ನು ಹೇಳಿದರು. ಆ ಸಂಸ್ಥಾನದಲ್ಲಿ ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಕಾಗದಗಳನ್ನು ಕೂಲಿಗಾಗಿ ಮುಟ್ಟಿಸುವವರು ಜಿಲ್ಲೆಯ ಕಚೇರಿಯಲ್ಲಿ ಹೆಸರನ್ನು ನೋಂದಾಯಿಸಿ, ೨,೦೦೦ ಡಾಲರುಗಳ ಜಾಮೀನನ್ನು ಒದಗಿಸಬೇಕು. ಹಾಗೆ ನೋಂದಾಯಿಸಿದವರು ಗುರುತಿನ ಚೀಟಿಯನ್ನು ತೋರಿಸಿ, ಯಾರಿಗೆ ಕಾಗದವೆಂದು ಹೇಳಿದರೆ, ಆವರಣವುಳ್ಳ ಬಡಾವಣೆಯ ಕಾವಲುಗಾರನು ಒಳಗೆ ಬಿಡಲೇಬೇಕೆಂದು ಕಾನೂನಿದೆ. ನನ್ನನ್ನು ಹಿಂದಕ್ಕೆ ಕಳುಹಿಸಿದ ಬಾಗಿಲು ಅವರಿಗೆ ಏಕೆ ತೆರೆಯುವುದೆಂಬುದು ಆಗ ತಿಳಿಯಿತು.

ಅವರು ಕೇಳಿದ ಪ್ರಶ್ನೆಗಳು ಒಳ್ಳೆಯ ವೈದ್ಯನ ಪ್ರಶ್ನೆಗಳಂತೆ ಚಿಕ್ಕವಾಗಿಯೂ ಚೊಕ್ಕವಾಗಿಯೂ ಇದ್ದುವು. ಎತ್ತರವೆಷ್ಟು? ಕಾರಿನ ಬಣ್ಣ ಯಾವುದು? ಮನೆಯಲ್ಲಿ ಇನ್ನಾರಿದ್ದಾರೆ? ಹಳೆಯ ಚಿತ್ರವೇನಾದರೂ ಇದೆಯೆ? ಮಗಳು, "ಮನೆಯ ಬಾಗಿಲಿಗೆ ಅಂಟಿಸಿ ಬಂದರೆ ಸಾಲದೆ?" ಎಂದು ಕೇಳಿದಳು. ಅವರು ತಲೆಯಲ್ಲಾಡಿಸಿ, ಇಂತಹ ವ್ಯಾಜ್ಯದಲ್ಲಿ ಅದು ನಡೆಯದೆಂದರು. ಮನೆಯಲ್ಲಿರುವ ಬೇರೆ ವಯಸ್ಕರ ಕೈಗೆ ಕೊಟ್ಟು ಅಂಚೆಯಲ್ಲಿಯೂ ಒಂದು ಪ್ರತಿ ಕಳುಹಿಸಬಹುದು. ಆದರೆ ಅದಕ್ಕೆ ಇನ್ನೂ ಹೆಚ್ಚು ದಿನಗಳ ಅವಕಾಶ ಬೇಕಾಗಿದ್ದಿತು. ಆ ಅವಕಾಶ ನಮಗೆ ಉಳಿದಿರಲಿಲ್ಲ. ಪ್ರತಿವಾದಿಯೇ ಎದುರಿಗೆ ಸಿಕ್ಕಿ, ಗುರುತು ಖಚಿತವಾಗಿ, ಆಗಲೂ ಅವನು ಕೈ ಹಿಂದಕ್ಕೆ ತೆಗೆದುಕೊಂಡರೆ, ಕಾಗದವನ್ನು ಅವನ ಹತ್ತಿರ ಇಟ್ಟು ಬಂದರೆ ಸಾಕು.

ಈ ವೃತ್ತಿಯಲ್ಲಿ ಸುಳ್ಳು ಹೇಳುವವರೂ ಇಲ್ಲವೆ ಎಂದು ನಾನು ಕೇಳಿದೆನು. ಅವರು ನಕ್ಕು, ಅದಕ್ಕೆ ತಮ್ಮ ದೇಶದಲ್ಲಿ 'ಚರಂಡಿಯ ಜಾರಿ'ಯೆಂಬ ಹೆಸರೇ ಇದೆಯೆಂದರು. ಕಾಗದವನ್ನು ಚರಂಡಿಗೆ ಎಸೆದು, ಕೈಗೆ ಕೊಟ್ಟುದಾಗಿ ಪ್ರಮಾಣ ಮಾಡುವುದು. ನ್ಯೂಯಾರ್ಕ್ ನಗರದಲ್ಲಿ ಈ ಪಿಡುಗು ಹೆಚ್ಚಿ, ಎಷ್ಟೋ ಬಡವರ ಮೇಲೆ ಅವರಿಗೆ ತಿಳಿಯದಂತೆಯೇ ಡಿಕ್ರಿಗಳಾದುವು. ಅದರಿಂದ ಅಲ್ಲಿ ಕಾಗದ ಮುಟ್ಟಿಸುವವರು ಪರವಾನಗಿ ಪಡೆಯಬೇಕಲ್ಲದೆ, ತಾವು ನಿಜವಾಗಿಯೂ ಆ ಬಾಗಿಲಿಗೆ ಹೋಗಿದ್ದೆವೆಂಬುದನ್ನು ಸ್ಥಳ ಸೂಚಿಸುವ ಯಂತ್ರದಿಂದ ದಾಖಲೆ ಮಾಡಬೇಕೆಂದು ಈಗ ನಿಯಮವಿದೆ. ನಮ್ಮ ಅಮೀನನ ಜೇಬಿನಲ್ಲಿಯೂ ಅಂತಹ ಯಂತ್ರವೊಂದಿದ್ದಿದ್ದರೆ ಎಂದು ನಾನು ಮನಸ್ಸಿನಲ್ಲಿಯೇ ನಿಟ್ಟುಸಿರುಬಿಟ್ಟೆನು. ಹೊರಡುವಾಗ ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ನಾನು ನಿಮ್ಮ ಸ್ನೇಹಿತಳೂ ಅಲ್ಲ, ಅವರ ಶತ್ರುವೂ ಅಲ್ಲ. ಇಂತಹ ದಿನ ಬನ್ನಿರೆಂದು ಅವರಿಗೆ ತಿಳಿಸುವವಳು, ಅಷ್ಟೆ."

ಮೂರು ಸಲ ಅವರು ಹೋಗಿ ಬರಿಗೈಯಲ್ಲಿ ಬಂದರು. ಒಮ್ಮೆ ಸಂಜೆ ಏಳು ಗಂಟೆ, ಒಮ್ಮೆ ಭಾನುವಾರದ ಮಧ್ಯಾಹ್ನ, ಒಮ್ಮೆ ಬೆಳಿಗ್ಗೆ. ಪ್ರತಿ ಸಲವೂ ದಿನ, ಗಂಟೆ, ಕಂಡ ದೀಪ, ನಿಂತಿದ್ದ ಕಾರು ಎಲ್ಲವನ್ನೂ ಬರೆದಿಟ್ಟಿದ್ದರು. ಮೂರನೆಯ ಸಲ ಹೋದಾಗ, ಆ ಬೀದಿಯಲ್ಲಿ ಬುಧವಾರ ಬೆಳಿಗ್ಗೆ ಕಸದ ಗಾಡಿ ಬರುವುದೆಂಬುದನ್ನು ಗಮನಿಸಿದರು. ಜುಲೈ ೩, ಬುಧವಾರ, ಸೂರ್ಯೋದಯದ ಹೊತ್ತಿಗೆ ಅವರು ಅಲ್ಲಿದ್ದರು. ಮನೆಯ ಯಜಮಾನನು ಕಸದ ತೊಟ್ಟಿಯನ್ನು ತಳ್ಳಿಕೊಂಡು ಹೊರಗೆ ಬಂದನು. ಹೆಸರನ್ನು ಕೇಳಿದರು, ಹೌದೆಂದನು, ಕಾಗದವನ್ನು ಕೊಟ್ಟರು. ಅವರು ಬರೆದ ವಿವರದಲ್ಲಿ, ಆರು ಅಡಿ ಎತ್ತರ, ತಲೆ ಬೋಳು ಎಂದಿದ್ದಿತು. ನಾನು ಅಂಗಡಿಯ ಮುಂದೆ ಲಕೋಟೆಯನ್ನು ಕೊಟ್ಟವನು ನನ್ನಷ್ಟೇ ಎತ್ತರ, ತಲೆತುಂಬ ಕಪ್ಪು ಕೂದಲು. ಅವನು ಯಾರೋ ಎತ್ತವೋ ಎಂಬುದು ಈವೊತ್ತಿಗೂ ತಿಳಿಯದು. ಅಳಿಯಂದಿರು ಆ ಕಾಗದವನ್ನು ಓದಿ, ನನ್ನ ಕಡೆಗೆ ನೋಡದೆ, "ಒಳ್ಳೆಯದಾಯಿತು, ಮಾವ" ಎಂದರು.

ವಿಚಾರಣೆಯ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆನು. ಮನೆಯ ಯಜಮಾನನು ಬಂದನು. ಅವನ ಕೈಯಲ್ಲಿ ಎರಡು ಚಿತ್ರಗಳೂ ಒಂದು ಬಿಲ್ಲೂ ಇದ್ದುವು. ಅಡಿಗೆಮನೆಯ ಕಲ್ಲಿನ ಕಟ್ಟೆಯಲ್ಲಿ ದೊಡ್ಡದೊಂದು ಬಿರುಕು. ಅದನ್ನು ಸರಿಪಡಿಸಿದ ವೆಚ್ಚ ೧,೦೫೦ ಡಾಲರು. ಪಟ್ಟಿಯನ್ನು ಕಾಲಕ್ಕೆ ಸರಿಯಾಗಿ ಕಳುಹಿಸದೆ ಇದ್ದುದು ತನ್ನ ತಪ್ಪೆಂದೂ, ಆ ತಿಂಗಳು ತಾನು ಆಸ್ಪತ್ರೆಯಲ್ಲಿದ್ದೆನೆಂದೂ ಹೇಳಿದನು. ಮಗಳು, ಬಿರುಕು ಮೊದಲೇ ಇದ್ದಿರಬಹುದೆಂದಳು. ಆದರೆ ಅವಳ ಧ್ವನಿಯಲ್ಲಿ ನಿಶ್ಚಯವಿರಲಿಲ್ಲ. ಕೆಲವು ದಿನಗಳ ಮೇಲೆ ಅಂಚೆಯಲ್ಲಿ ತೀರ್ಪು ಬಂದಿತು: ೩,೧೫೦ ಡಾಲರುಗಳನ್ನೂ, ನ್ಯಾಯಾಲಯದ ಶುಲ್ಕ ಮತ್ತು ಕಾಗದ ಮುಟ್ಟಿಸಿದ ಕೂಲಿ ಸೇರಿ ೧೪೫ ಡಾಲರುಗಳನ್ನೂ ಕೊಡತಕ್ಕದ್ದು.

ಅಂದು ರಾತ್ರಿ ನನ್ನ ಪತ್ನಿ ಮೆಲ್ಲಗೆ ಹೇಳಿದರು: "ಕಳೆದ ಸಲ ನಾವು ಬಂದಿದ್ದಾಗ ಗ್ರೈಂಡರಿನ ಗುಂಡು ಜಾರಿ ಆ ಕಟ್ಟೆಯ ಮೇಲೆ ಬಿದ್ದಿತ್ತು. ಆಗ ಕೂದಲೆಳೆಯಷ್ಟು ಗೆರೆ ಮೂಡಿತ್ತು. ಅದೇ ದೊಡ್ಡದಾಗಿರಬೇಕು. ಯಾರಿಗೆ ಹೇಳುವುದು ಅಂತ ಸುಮ್ಮನಿದ್ದೆ."

ಎಂದರೆ, ನಮ್ಮ ಕಡೆಯೂ ಪೂರ್ತಿ ನ್ಯಾಯವಿರಲಿಲ್ಲ! ಅಂದು ನಾನು ರುಜು ಹಾಕಿದ್ದರೆ, ಅವನು ಬಾರದೆಯೇ ನಾಲ್ಕು ಸಾವಿರದ ಇನ್ನೂರೂ ನಮಗೆ ಡಿಕ್ರಿಯಾಗಿ, ಎಂದಾದರೊಂದು ದಿನ ಅವನ ಮನೆಯ ಮುಂದೆಯೂ ತಮಟೆಯಂತಹುದೇ ಒಂದು ಸದ್ದಾಗುತ್ತಿದ್ದಿತು. ತಂದೆಯವರು ಸಾಲಗಾರರಾಗಿದ್ದರು, ಆದರೆ ಅಷ್ಟಕ್ಕಲ್ಲ. ಇವನೂ ಬಾಕಿದಾರನೇ, ಆದರೆ ಅಷ್ಟಕ್ಕಲ್ಲ. 'ಅಷ್ಟಕ್ಕಲ್ಲ' ಎಂಬ ಆ ಒಂದು ಮಾತನ್ನು ಹೇಳುವುದಕ್ಕಾಗಿಯೇ ಮನುಷ್ಯನನ್ನು ಕರೆಯಬೇಕು. ನಾರದನ ಆಸೇಧದ ವಿಷಯದಲ್ಲಿ ನನಗಿದ್ದ ಸಂಶಯಕ್ಕೂ ಇದೇ ಉತ್ತರವೆಂದು ತೋರುತ್ತದೆ. ತನ್ನ ಪಕ್ಷವೇ ನ್ಯಾಯವೆಂದು ನಂಬಿದವನ ಕಣ್ಣಿಗೆ ಕಪ್ಪು ಕೂದಲೂ ಬೆಳ್ಳಗೆ ಕಾಣುತ್ತದೆ;

 ಕಾಗದವನ್ನು ಒಯ್ಯುವ ಕೈ ಪಕ್ಷವಿಲ್ಲದ ಕೈಯಾಗಿರುವುದೇ ಮೇಲು. ಮಗಳ ತಂದೆಯಾದ ನಾನು ಕಾನೂನಿನ ಲೆಕ್ಕದಲ್ಲಿ ಪಕ್ಷಗಾರನಲ್ಲದಿದ್ದರೂ, ಮನಸ್ಸಿನ ಲೆಕ್ಕದಲ್ಲಿ ಆಗಿದ್ದೆನು.

ನಮ್ಮ ದೇಶದಲ್ಲಿ ಇದು ಹೇಗಿದೆಯೆಂಬುದನ್ನು ಗೃಹಸ್ಥರ ಪ್ರಯೋಜನಕ್ಕಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಇಂದಿಗೂ ಆಧಾರ. ಅಮೀನನ ಮೂಲಕ ಜಾರಿಯಾಗುವುದಲ್ಲದೆ, ೨೦೦೨ರ ಜುಲೈ ೧ರಿಂದ ಬಂದ ತಿದ್ದುಪಡಿಯಂತೆ, ನ್ಯಾಯಾಲಯದ ಅನುಮತಿಯಿದ್ದರೆ ವಾದಿಯೇ ಸಮನ್ಸನ್ನು ತೆಗೆದುಕೊಂಡು ಹೋಗಿ ಪ್ರತಿವಾದಿಗೆ ಕೊಟ್ಟು ರುಜು ಪಡೆಯಬಹುದು. ಇದನ್ನು ವಕೀಲರು 'ದಸ್ತಿ' ಎನ್ನುತ್ತಾರೆ. ಉಚ್ಚ ನ್ಯಾಯಾಲಯವು ಒಪ್ಪಿದ ಕೊರಿಯರಿನವರ ಮೂಲಕವೂ ಕಳುಹಿಸಬಹುದು. ಪ್ರತಿವಾದಿಯು ಮನೆಯಲ್ಲಿಲ್ಲದೆ, ತಕ್ಕ ಹೊತ್ತಿನಲ್ಲಿ ಸಿಕ್ಕುವ ಸಂಭವವೂ ಇಲ್ಲದಿದ್ದರೆ, ಜೊತೆಯಲ್ಲಿ ವಾಸಿಸುವ ಕುಟುಂಬದ ವಯಸ್ಕರಿಗೆ ಕೊಡಬಹುದು. ಆದರೆ ಮನೆಯ ಆಳು ಕುಟುಂಬದವನೆಂದು ಗಣನೆಗೆ ಬರುವುದಿಲ್ಲ. ಸಂಹಿತೆಯ ಮೂಲಪಾಠದಲ್ಲಿ ಈ ಕುಟುಂಬದವನು ಗಂಡಸೇ ಆಗಿರಬೇಕೆಂದಿದ್ದಿತು. ಗಂಡಾಗಲಿ ಹೆಣ್ಣಾಗಲಿ ಆಗಬಹುದೆಂಬ ಮಾತು ಸೇರಿದುದು ೧೯೭೬ರ ತಿದ್ದುಪಡಿಯಿಂದ. ಓಲೆಯನ್ನು ಬಿಚ್ಚಿಕೊಡುವುದಕ್ಕೆ ಯೋಗ್ಯಳಾದ ಗೃಹಿಣಿಯು, ಕಾಗದವನ್ನು ತೆಗೆದುಕೊಳ್ಳುವುದಕ್ಕೆ ಯೋಗ್ಯಳೆನ್ನಿಸಿಕೊಳ್ಳಲು ಅಷ್ಟು ಕಾಲ ಹಿಡಿಯಿತು.

ಇನ್ನೊಂದು ಮಾತು. ಸಮನ್ಸನ್ನು ನಿರಾಕರಿಸಿದರೆ ಪೀಡೆ ತಪ್ಪಿತೆಂದು ಅನೇಕರು ನಂಬಿದ್ದಾರೆ. ಇದು ಶುದ್ಧ ಭ್ರಮೆ. ನಿರಾಕರಿಸಿದರೆ ಜಾರಿಯಾದಂತೆಯೇ ನ್ಯಾಯಾಲಯವು ಭಾವಿಸಬಹುದು; ಆಗ ನಮ್ಮ ಬೆನ್ನ ಹಿಂದೆ ತೀರ್ಪಾಗುತ್ತದೆ. ಬಂದ ಕಾಗದವನ್ನು ಮರ್ಯಾದೆಯಿಂದ ತೆಗೆದುಕೊಳ್ಳಿರಿ. ತಾರೀಖು ಬರೆದು ರುಜು ಹಾಕಿರಿ. ತಂದವನಿಗೆ ಬೇಸಗೆಯಾದರೆ ನೀರನ್ನೂ ಕೊಡಿರಿ, ಅವನು ನಿಮ್ಮ ಶತ್ರುವಲ್ಲ. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರವನ್ನು ಸಲ್ಲಿಸಬೇಕು. ನ್ಯಾಯಾಲಯವು ಕಾರಣವನ್ನು ಬರೆದು ತೊಂಬತ್ತು ದಿನಗಳವರೆಗೆ ಅವಕಾಶ ಕೊಡಬಹುದು. ಆದಕಾರಣ ಕಾಗದ ಬಂದ ವಾರದಲ್ಲಿಯೇ ವಕೀಲರನ್ನು ಕಾಣುವುದು ಕ್ಷೇಮ. ಕೊಟ್ಟ ಹಣಕ್ಕೆ ರಸೀತಿಯನ್ನು ಪಂಚಾಂಗದ ನಡುವೆಯಾದರೂ ಸರಿಯೆ, ಜೋಪಾನವಾಗಿ ಇಟ್ಟಿರಿ.

ತಂದೆಯವರ ಆ ಪಂಚಾಂಗ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಅದರೊಳಗೆ, ಮಾಸಿಹೋದ ಎರಡು ರಸೀತಿಗಳ ಪಕ್ಕದಲ್ಲಿ, ನಾನು ಅಮೆರಿಕದಿಂದ ಹಿಂದಿರುಗಿದ ಮೇಲೆ ಇನ್ನೊಂದು ಕಾಗದವನ್ನು ಇಟ್ಟಿದ್ದೇನೆ. ಅದರಲ್ಲಿ ಹೆಸರಿದೆ, ಸ್ಥಳವಿದೆ, ತಾರೀಖಿದೆ. ರುಜುವಿನ ಜಾಗ ಮಾತ್ರ ಖಾಲಿಯಾಗಿದೆ. ವಾಚಕರ ಮನೆಗಳಿಗೆ ಲಗ್ನಪತ್ರಿಕೆಗಳೇ ಹೆಚ್ಚಾಗಿ ಬರಲೆಂದು ಹಾರೈಸುತ್ತೇನೆ.